ದೊಡ್ಡ ಟ್ರಾನ್ಸ್‌ಫಾರ್ಮರ್ ತಂದದ್ದು

ಈಗಲೂ ಮೋಟರುಗಳಿಗೆ ಎಷ್ಟು ಕರೆಂಟು ಬೇಕೆಂದು ಲೆಕ್ಕ ಹಾಕಲು ಕೂತರೆ ಕಾಕಾ ಬಂದು ಎದುರಿಗೆ ಕೂರುತ್ತಾರೆ. ಸತ್ತು ಎಷ್ಟೋ ವರ್ಷವಾಯಿತು, ನನ್ನನ್ನು ಬಿಟ್ಟಿಲ್ಲ.

ಸಂಬಂಧಿಯಲ್ಲ, ಅಫಜಲಪುರದಲ್ಲಿ ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಮೇಲೆ ಹೆಸರು ಕೊರೆಯುವುದು ಅವರ ಕೆಲಸ. ಮದುವೆಯ ಕೊಡವಿರಲಿ, ತೀರಿಕೊಂಡವರ ಹೆಸರಲ್ಲಿ ಹಂಚುವ ತಟ್ಟೆಯಿರಲಿ, ಅವರದೇ ಅಕ್ಷರ. ತೊಂಬತ್ತರ ದಶಕದ ನಡುವೆ ಅವರ ಕೈ ನಡುಗತೊಡಗಿತು. ಪಕ್ಕದಲ್ಲೇ ನನ್ನ ರೇಡಿಯೋ ರಿಪೇರಿ ಅಂಗಡಿ.

"ಏನರ ಮಷೀನ್ ಮಾಡ್ ತಮ್ಮಾ. ಕೆಲಸ ಹೋದ್ರ ನಾ ಏನ್ ಮಾಡ್ಲಿ?" ಅಂದರು.

ಗುಜರಿಯ ಪ್ರಿಂಟರುಗಳಿಂದ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಎರಡು ಸ್ಟೆಪರ್ ಮೋಟರು ಬಿಚ್ಚಿದೆ. ಒಂದು ಮೋಟರು ಕೊರೆಯುವ ಸೂಜಿಯನ್ನು ಅಡ್ಡ ಒಯ್ಯಬೇಕು, ಇನ್ನೊಂದು ಉದ್ದಕ್ಕೆ. ಟೇಪ್‌ರೆಕಾರ್ಡರಿನ ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿದೆ. ನೇರ ಗೆರೆ ಚೆನ್ನಾಗಿ ಬಂತು. ಆದರೆ ಕನ್ನಡದಲ್ಲಿ ನೇರ ಗೆರೆ ಎಲ್ಲಿದೆ, ಎಲ್ಲಾ ಗುಂಡು! ಗುಂಡು ಬರೆಯಲು ಎರಡೂ ಮೋಟರು ಕೂಡಿ ತಿರುಗಬೇಕು. ಆಗ ಕರೆಂಟು ಸಾಲದೆ ಹೆಜ್ಜೆ ತಪ್ಪುತ್ತಿದ್ದವು. ತಿರುವು ಬಂದಾಗ ಕಾಕಾ ಸೂಜಿಯ ಚೌಕಟ್ಟಿಗೆ ಬೆರಳು ಕೊಟ್ಟು ಮೆಲ್ಲಗೆ ದಾಟಿಸುತ್ತಿದ್ದರು. ಎಲ್ಲಿ ದೂಡಬೇಕೆಂದು ಅವರಿಗೊಬ್ಬರಿಗೇ ಗೊತ್ತು. ಚೌಕಟ್ಟಿನ ಆಸರೆಗೆ ಅವರ ನಡುಕವೂ ಕಡಿಮೆಯಾಗುತ್ತಿತ್ತು.

"ಇಷ್ಟ ಸಾಕು. ದೊಡ್ಡ ಟ್ರಾನ್ಸ್‌ಫಾರ್ಮರ್ ತರಬ್ಯಾಡ."

"ಹೆಜ್ಜಿ ತಪ್ಪಾಕತ್ತಾವಲ್ರಿ ಕಾಕಾ?"

"ತಪ್ಪಲಿ ಬಿಡು. ತಪ್ಪಿದ್ರನ ನನಗ ಇಲ್ಲಿ ಜಾಗಾ."

ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ಮಷೀನು ಇನ್ನೊಬ್ಬರ ಬೆರಳು ಹಿಡಿದು ನಡೆಯುವುದೇ? ಥೂ, ಎಂಥ ಸೊಕ್ಕು ನನಗೆ! ಎರಡೂ ಮೋಟರಿನ ಆಂಪಿಯರ್ ಕೂಡಿಸಿ, ಮೇಲೊಂದಿಷ್ಟು ಸೇರಿಸಿ, ಸೊಲ್ಲಾಪುರದಿಂದ ಇಪ್ಪತ್ನಾಲ್ಕು ವೋಲ್ಟಿನ ದೊಡ್ಡ ಟ್ರಾನ್ಸ್‌ಫಾರ್ಮರ್ ತಂದೆ. ಮೋಟರು ಸುಡದಂತೆ ಕರೆಂಟನ್ನು ಮಿತಿಯಲ್ಲಿಡುವ ಡ್ರೈವರ್ ಬೋರ್ಡೂ ತಂದೆ.

ಮಷೀನು ಒಂದು ಹೆಜ್ಜೆಯೂ ತಪ್ಪದೆ ಹೆಸರು ಬರೆಯಿತು. ಕಾಕಾ ಬೆರಳು ಚಾಚಿದವರು ಹಿಂದೆ ತೆಗೆದುಕೊಂಡರು. ಗಲ್ಲಾದ ಮೇಲಿದ್ದ ಪಾತ್ರೆ ಅಂಗಡಿಯ ಸಾವುಕಾರರು ನೋಡಿದರು.

"ಕಾಕಾ, ನಾಳಿಂದ ಮನ್ಯಾಗ ಆರಾಮ ಇರ್ರಿ."

"ಹೌದ್ರಿ," ಅಂದರು ಕಾಕಾ. ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ತಮ್ಮೂರು ಚೌಡಾಪುರದ ಬಸ್ಸಿಗೆ ನಡೆದರು.

ವಾರದ ಮೇಲೆ ಅವರ ಮನೆಗೆ ಹೋದೆ. ಬೈದಿದ್ದರೆ ಚೆನ್ನಾಗಿತ್ತು. ಚಹಾ ತರಿಸಿದರು. ಆಮೇಲೆ ನಡುಗುವ ಕೈಯನ್ನು ನನ್ನ ಮುಂದೆ ಹಿಡಿದರು.

"ಲೆಕ್ಕಾ ಭಾಳ ಛಲೋ ಮಾಡ್ತಿ ತಮ್ಮಾ. ಇದಕ್ಕ ಎಷ್ಟ ಕರೆಂಟ್ ಬೇಕು, ಹೇಳ ನೋಡೂಣು."

ನಗುತ್ತಲೇ ಕೇಳಿದರು. ಅವರ ಹೆಂಡತಿಯೂ ನಕ್ಕರು. ನಾನು ಆ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ನಡುಕ ನಿಲ್ಲಲಿಲ್ಲ.