ಕೃಷ್ಣವ್ವನ ಎಂಟು ಮೂಲೆಯ ಚುಕ್ಕಿ

ನಮ್ಮ ಸಂಗೊಳ್ಳಿಯಲ್ಲಿ ಕೃಷ್ಣವ್ವ ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿ ಇಲ್ಲದ ಮನೆಯನ್ನು ಹುಡುಕಬೇಕು. ಅರವತ್ತೆರಡು ವರ್ಷ, ಗಟ್ಟಿ ಬಾಯಿ, ಯಾರಿಗೂ ಸೊಪ್ಪು ಹಾಕುವವಳಲ್ಲ. ಹೊಲದಲ್ಲಿ ಹಾವು ಕಂಡರೆ ಎಲ್ಲರೂ ಓಡುವಾಗ ಇವಳು ಕುಡಗೋಲು ಹುಡುಕುತ್ತಿದ್ದಳು. ಅಂಥವಳು ಒಂದಕ್ಕೆ ಮಾತ್ರ ಹೆದರಿ ಸಾಯುತ್ತಿದ್ದಳು: ಕಣ್ಣಿನ ಆಪರೇಷನ್ನಿಗೆ.

ಅದಕ್ಕೆ ಕಾರಣ ಅವಳ ಅಕ್ಕ ಬಾಯವ್ವ. ಎಷ್ಟೋ ವರ್ಷದ ಹಿಂದೆ ಪೊರೆ ತೆಗೆಸಿಕೊಂಡು ಬಂದ ಬಾಯವ್ವನ ಕಣ್ಣು ವಾರದೊಳಗೆ ಪೂರ್ತಿ ಹೋಯಿತು. ಪಟ್ಟಿ ಬಿಚ್ಚಿ ಸೆರಗಿನಿಂದ ಉಜ್ಜಿಕೊಂಡಿದ್ದಳೆಂದು ಮನೆಯವರೇ ಹೇಳುತ್ತಾರೆ. ಕೃಷ್ಣವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಾಲ್ಕು ವರ್ಷದ ಹಿಂದೆ ತನ್ನ ಕಣ್ಣೂ ಮಂಜಾಗತೊಡಗಿದಾಗ ಮಗ ಲಕ್ಷ್ಮಣನಿಗೆ ಸುಳಿವು ಕೊಡಲಿಲ್ಲ. ಗೊತ್ತಿದ್ದದ್ದು ಅವಳನ್ನು ಚಿಗವ್ವ ಎಂದು ಕರೆಯುವ ಪಕ್ಕದ ಮನೆಯ ನನಗೊಬ್ಬಳಿಗೆ. ದಿನಾ ಬೆಳಿಗ್ಗೆ ಅವಳ ಹನ್ನೆರಡು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ನಾನೇ.

"ರೇಣು, ಬಾಯಿ ಬಿಟ್ಟಿ ಅಂದ್ರ ನಿನ್ನ ಮನಿ ಹೊಸ್ತಲಾ ತುಳ್ಯಾಂಗಿಲ್ಲ ನೋಡು," ಎಂದು ಹೆದರಿಸಿದ್ದಳು. ನಾನೂ ಸುಮ್ಮನಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೌದಿಗೆ ಕಣ್ಣು ಅಷ್ಟಾಗಿ ಬೇಡ. ಎಡಗೈ ಹೆಬ್ಬೆರಳು ಮುಂದೆ ಹೋಗುತ್ತದೆ, ಸೂಜಿ ಅದರ ಹಿಂದೆ ಬರುತ್ತದೆ. ತುಂಡು ಕಡಿಮೆ ಬಿದ್ದರೆ ಮೇಲೊಂದು ತೇಪೆ ಹಚ್ಚಿದರಾಯಿತು. ಆದರೆ ಹೋದ ವರ್ಷ ಬೈಲಹೊಂಗಲದ ಒಂದು ಮಹಿಳಾ ಸಂಘದಲ್ಲಿ ಹೊಸ ನಮೂನೆಯ ಕೌದಿ ಕಲಿಯಲು ಇಬ್ಬರೂ ಸೇರಿಕೊಂಡೆವು. ಅಲ್ಲಿ ಗುಟ್ಟು ಮುಚ್ಚಿಡುವುದು ಕಷ್ಟವಾಯಿತು.

ಕಲಿಸುವವಳು ಸವದತ್ತಿಯ ಪ್ರಜ್ಞಾ, ಮೂವತ್ತೂ ತುಂಬದ ಹುಡುಗಿ; ಕಲಿಸುವವಳೆಂದು ನಮಗೆಲ್ಲ 'ಅಕ್ಕಾರು'. ಅವಳು ಕಾಗದದ ಮೇಲೆ ಗೆರೆ ಎಳೆದು ಕೊಡುತ್ತಿದ್ದಳು. ಬಟ್ಟೆಯ ತುಂಡನ್ನು ಕಾಗದದ ಹಿಂದೆ ಇಟ್ಟು, ಮುಂದಿನಿಂದ ಸರಿಯಾಗಿ ಗೆರೆಯ ಮೇಲೆಯೇ ಹೊಲಿಯಬೇಕು. ಹೊಲಿದ ತುಂಡನ್ನು ಮಗುಚಿ, ಉಗುರಿನಿಂದ ತೀಡಿ, ಮುಂದಿನ ತುಂಡು ಹಚ್ಚಬೇಕು. ಎಲ್ಲ ಮುಗಿದ ಮೇಲೆ ಕಾಗದ ಹರಿದು ತೆಗೆದರೆ ಆಕಾಶದ ನಕ್ಷತ್ರದಂಥ ಚೂಪು ಮೂಲೆಗಳ ಚುಕ್ಕಿ ಸಿಗುತ್ತದೆ. ಗೆರೆ ತಪ್ಪಿದರೆ ಮೂಲೆಗಳೆಲ್ಲ ಮೊಂಡು.

ಆ ಗೆರೆ ಕೃಷ್ಣವ್ವನಿಗೆ ಕಾಣುತ್ತಲೇ ಇರಲಿಲ್ಲ. ಮೊದಲ ದಿನ ಬಸ್ಸಿನಲ್ಲಿ ಊರಿಗೆ ಮರಳುವಾಗ ನನ್ನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದಳು.

"ನಾಳಿ ಆಕಿ ಕಂಡು ಹಿಡೀತಾಳ. ಲಕ್ಷ್ಮಣಗ ಫೋನ್ ಮಾಡತಾಳ. ಆಮ್ಯಾಲ ನನ್ನ ಮಲಗಿಸಿ ಕಣ್ಣಿಗೆ ಕತ್ತರಿ ಹಾಕತಾರ."

ಉಪಾಯ ಹುಡುಕಿದವಳು ನಾನೇ. ದಾರವಿಲ್ಲದ ಸೂಜಿಯಿಂದ ಗೆರೆಯುದ್ದಕ್ಕೂ ಒತ್ತೊತ್ತಾಗಿ ಚುಚ್ಚಿ ಕೊಟ್ಟೆ. ಕೃಷ್ಣವ್ವ ಅದರ ಮೇಲೆ ಬೆರಳಾಡಿಸಿ, "ಇದು ಸಿಗತೈತಿ," ಎಂದು ನಕ್ಕಳು. ಅಂದಿನಿಂದ ದಿನವೂ ಅವಳ ಕಾಗದ ಚುಚ್ಚಿದೆ, ಬಣ್ಣ ಅದಲುಬದಲಾಗದಂತೆ ಬಟ್ಟೆಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟು ಕೊಟ್ಟೆ. ಅವಳ ಹೊಲಿಗೆ ಎಲ್ಲರಿಗಿಂತ ನೇರವಾಗಿ ಬಂತು.

"ಕೃಷ್ಣವ್ವಾರ್ನ ನೋಡಿ ಕಲೀರಿ," ಎಂದು ಪ್ರಜ್ಞಾ ನಮಗೆಲ್ಲ ಬೈದಳು. ಹೊಗಳಿಕೆ ಹೆಚ್ಚಿದಷ್ಟೂ ಕೃಷ್ಣವ್ವನ ಊಟ ಕಡಿಮೆಯಾಯಿತು. ಪ್ರಜ್ಞಾಳ ಸಪ್ಪಳ ಹತ್ತಿರ ಬಂದರೆ ಸೂಜಿ ನಿಲ್ಲಿಸಿಬಿಡುತ್ತಿದ್ದಳು.

ಕೊನೆಯ ದಿನ ಪರೀಕ್ಷೆ. ಎಂಟು ಮೂಲೆಯ ತಿಳಿಹಳದಿ ಚುಕ್ಕಿ, ಸುತ್ತ ಬಿಳಿ. ಕಾಗದವನ್ನು ಹಿಂದಿನ ದಿನವೇ ಕೊಟ್ಟಿದ್ದರಿಂದ ಚುಚ್ಚಿಟ್ಟಿದ್ದೆ. ಬಟ್ಟೆ ಮಾತ್ರ ಅಲ್ಲೇ ಕೊಟ್ಟರು. ಬಿಳಿ ಹೆಚ್ಚು ಬೇಕೆಂದು ಅದು ಎರಡು ತುಂಡು, ಹಳದಿ ಒಂದು. ಕೊಟ್ಟವರೇ ನಮ್ಮನ್ನು ದೂರ ದೂರ ಕೂರಿಸಿಬಿಟ್ಟರು. ನನಗೆ ಕಾಣುತ್ತಿದ್ದದ್ದು ಕೃಷ್ಣವ್ವನ ಬೆನ್ನು ಮಾತ್ರ. ಎರಡು ತಾಸು ನನ್ನ ಹೊಲಿಗೆಗಿಂತ ಆ ಬೆನ್ನನ್ನೇ ಹೆಚ್ಚು ನೋಡಿದೆ.

ಪ್ರಜ್ಞಾ ಬಂದು ಅವಳ ಚೌಕದ ಕಾಗದ ಹರಿದು ತೆಗೆದಳು, ಬೆಳಕಿಗೆ ಎತ್ತಿ ಹಿಡಿದಳು.

"ಕೃಷ್ಣವ್ವಾರ, ಚುಕ್ಕಿ ಎಲ್ಲೈತ್ರಿ?"

ಚೌಕದ ತುಂಬ ಬರೀ ಬಿಳಿ. ಎಡಕ್ಕೂ ಬಲಕ್ಕೂ ಬಿಳಿ ಬಟ್ಟೆಯನ್ನೇ ಇಟ್ಟುಕೊಂಡು ಹೊಲಿದಿದ್ದಳು. ಹಳದಿಯದು ಮಡಿಕೆ ಬಿಚ್ಚದೆ ಮೊಣಕಾಲ ಬಳಿ ಬಿದ್ದಿತ್ತು. ಯಾರೋ ಕಿಸಕ್ಕೆಂದು ನಕ್ಕರು.

ಕೃಷ್ಣವ್ವ ಚೌಕವನ್ನು ತೊಡೆಯ ಮೇಲೆ ಹಾಸಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಇಲ್ಲೇ ಐತಲ್ರೀ ಅಕ್ಕಾರ. ಒಂದು, ಎರಡು, ಮೂರು..." ಎಂಟೂ ಎಣಿಸಿದಳು. ಎಂಟೂ ಮೂಲೆ ಚೂಪಾಗಿದ್ದವು.

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳ ಪಕ್ಕ ಕುಳಿತೆ. "ಚಿಗವ್ವಾ, ಎಲ್ಲಾ ಬಿಳೀದ ಐತಿ," ಎಂದೆ. ಆಡುತ್ತಿದ್ದ ಬೆರಳು ನಿಂತಿತು.

ಪ್ರಜ್ಞಾ ಅವಳೆದುರು ಕುಕ್ಕರಗಾಲಲ್ಲಿ ಕುಳಿತಳು. ಸಿಟ್ಟಾಗಲಿಲ್ಲ. "ಎಷ್ಟ ದಿನಾ ಆತ್ರಿ, ಕಣ್ಣ ಕಾಣವಲ್ದಾಗಿ?"

"ಮೂರು ವರ್ಷ." ಕೃಷ್ಣವ್ವ ತೊಡೆಯ ಮೇಲಿನ ಚೌಕ ಮಡಿಚಿದಳು. "ನನಗ ಅಂಜಿಕಿ ಬರತೈತ್ರಿ. ಭಾಳ ಅಂಜಿಕಿ. ನಮ್ಮಕ್ಕಂದು ಇದ್ದಷ್ಟೂ ಹೋತು."

"ಹಂಗ ಬಿಟ್ರ ನಿಮ್ಮದೂ ಹೋಗತೈತ್ರಿ. ನಾಳಿ ನಿಮ್ಮ ಮಗಾರ್ನ ಕರಸೂಣು, ದವಾಖಾನಿಗೆ ನಾನೂ ಬರತೇನಿ."

ಕೃಷ್ಣವ್ವ ತಡಕಾಡಿ ನನ್ನ ಮುಂಗೈ ಹಿಡಿದಳು. ನನ್ನ ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ ಹಿಡಿದಳು.

"ನಾಳಿ ಅಂದ್ರ ನಾ ಬರಂಗಿಲ್ರಿ," ಎಂದಳು. "ಈಗ ಕರಕೊಂಡ ಹೋಗ್ರಿ."