ಪಾವಗಡದ ಶಟರ್ ಟಿ.ವಿ.

ಆಗ ನನಗೆ ಮೂವತ್ತೆಂಟು ವರ್ಷ. ಮೂವತ್ತೊಂಬತ್ತು ವರ್ಷದ ಹಿಂದಿನ ಮಾತು, 1986. ಮಧುಗಿರಿಯಲ್ಲಿ ಬಾಷಾ ಸಾಬರ ರೇಡಿಯೋ, ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸೇರಿದ್ದು ಕಸ ಗುಡಿಸಲು. ಮೂರು ವರ್ಷ ಕಳೆಯುವ ಹೊತ್ತಿಗೆ, ರಿಪೇರಿಗೆ ಬಂದ ಸೆಟ್ಟುಗಳ ಹಿಂಬದಿ ಬಿಚ್ಚಿ ಒಳಗಿನ ಹೊಲಸು ತೆಗೆಯುವುದೇ ನನ್ನ ಕೆಲಸವಾಗಿತ್ತು. ಬಾಷಾ ಸಾಬರಿಗೆ ಜಿರಳೆ ಕಂಡರೆ ವಾಕರಿಕೆ. ನಾನು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು. ಕುರಿಯ ಗಾಯದಿಂದ ಹುಳ ತೆಗೆದ ಕೈಗೆ ಜಿರಳೆ ಯಾವ ಲೆಕ್ಕ.

ಟಿ.ವಿ. ಒಳಗೆ ಬೆಚ್ಚಗಿರುತ್ತದೆ. ಅದಕ್ಕೇ ಜಿರಳೆ ಸೇರುತ್ತದೆ, ಜಿರಳೆ ತಿನ್ನಲು ಹಲ್ಲಿ ಬರುತ್ತದೆ, ಹಲ್ಲಿ ಮೊಟ್ಟೆ ಇಡುತ್ತದೆ. ಮನೆಯವರು ಮುಂದಿನ ಗಾಜನ್ನು ದಿನಾ ಒರೆಸುತ್ತಾರೆ, ಮೇಲೆ ಕಸೂತಿ ಬಟ್ಟೆ ಹೊದಿಸುತ್ತಾರೆ, ಹಬ್ಬಕ್ಕೆ ಕುಂಕುಮ ಇಡುತ್ತಾರೆ. ಹಿಂದಕ್ಕೆ ಒಬ್ಬರೂ ನೋಡುವುದಿಲ್ಲ. ಜನರ ಮುಂದಿನ ಶೋಕಿಯೂ ಹಿಂದಿನ ಗಲೀಜೂ ಒಟ್ಟಿಗೆ ಕಾಣುವುದು ನನ್ನಂಥವರಿಗೆ ಮಾತ್ರ.

ಒಂದು ಭಾನುವಾರ ಪಾವಗಡದಿಂದ ಕರೆ ಬಂತು. ಅಲ್ಲಿನ ಕಡಲೆಕಾಯಿ ಎಣ್ಣೆ ಮಿಲ್ಲಿನ ಸಾಹುಕಾರರು ಹೊಸ ಕಲರ್ ಟಿ.ವಿ. ತಂದಿದ್ದಾರೆ, ಅದರಲ್ಲಿ ಆಟದ ಪೆಟ್ಟಿಗೆ ಬರುತ್ತಿಲ್ಲ, ಕೂಡಲೇ ಬರಬೇಕು ಎಂದು. ಆಟದ ಪೆಟ್ಟಿಗೆ ಎಂದರೆ ಟಿ.ವಿ.ಗೆ ವೈರು ಸಿಕ್ಕಿಸಿ ಆಡುವ ವಿಡಿಯೋ ಗೇಮು. ನಮ್ಮ ಕಡೆ ಆಗ ಅದನ್ನು ಕಂಡವರೇ ಇಲ್ಲ. ಸಾಹುಕಾರರ ಹೆಂಡತಿಯ ತಮ್ಮ ಹಡಗಿನಲ್ಲಿ ಅಡುಗೆಯವನಾಗಿದ್ದ. ಅಮೆರಿಕದ ಯಾವುದೋ ಬಂದರಿನಲ್ಲಿ ಕೊಂಡು ಅಕ್ಕನ ಕಿರಿಯ ಮಗಳಿಗೆಂದು ತಂದುಕೊಟ್ಟಿದ್ದ.

ಮರುದಿನ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೋದೆವು. ಮಿಲ್ಲಿನ ಹಿಂದೆಯೇ ಮನೆ. ಎಲ್ಲಿ ನೋಡಿದರೂ ಎಣ್ಣೆ ಜಿಗುಟು, ಹಿಂಡಿಯ ವಾಸನೆ. ನಡುಮನೆಯಲ್ಲಿ ಮಾತ್ರ ಜಮಖಾನ ಹಾಸಿ, ಎತ್ತರದ ಮೇಜಿನ ಮೇಲೆ ಹೊಸ ಟಿ.ವಿ. ಇಟ್ಟು ಹಾರ ಹಾಕಿದ್ದರು. ಸಂಜೆ ನಾಲ್ಕಕ್ಕೆ ಹಿರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರ ಮುಂದೆ ಈ ಆಟ ಆಡಿಸಿ ತೋರಿಸಬೇಕೆಂಬುದು ಸಾಹುಕಾರರ ಹಂಬಲ.

“ಏಮಯ್ಯಾ ಬಾಷಾ, ತುಮಕೂರಿಗೇ ಹೋಗಿ ಆರಿಸಿ ತಂದಿದೀನಿ. ಅಂಗಡೀಲಿ ಇದಕ್ಕಿಂತ ದೊಡ್ಡದೇ ಇರ್ಲಿಲ್ಲ. ಇದ್ರಾಗೇ ಬರಲ್ಲ ಅಂದ್ರೆ ಎಟ್ಲಾ?” ಎಂದರು, ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ.

ಆಟದ ಪೆಟ್ಟಿಗೆಯನ್ನು ಅಂಗಡಿಗೆ ಒಯ್ದು ಸಿಕ್ಕಿಸಿ ನೋಡಿದಿರಾ ಎಂದು ಬಾಷಾ ಸಾಬರು ಕೇಳಿದರು. ಇಲ್ಲವಂತೆ. ದೊಡ್ಡದು, ಹೊಳೆಯುವುದು, ಪಕ್ಕದ ಮನೆಯಲ್ಲಿ ಇಲ್ಲದ್ದು, ಇಷ್ಟನ್ನೇ ನೋಡಿ ಆರಿಸಿದ್ದರು.

ಹಾಕಿ ನೋಡಿದರೆ ಚಿತ್ರ ಕೆಳಗಿನಿಂದ ಮೇಲಕ್ಕೆ ಒಂದೇ ಸಮನೆ ಉರುಳುತ್ತಿತ್ತು. ಬಾಷಾ ಸಾಬರು ನನಗೆ ತಿಳಿಯುವಂತೆ ಹೇಳಿದರು: ಅಮೆರಿಕದ ಪೆಟ್ಟಿಗೆ ಸೆಕೆಂಡಿಗೆ ಅರವತ್ತು ಸಲ ಚಿತ್ರ ಕಳಿಸುತ್ತದೆ, ನಮ್ಮ ಟಿ.ವಿ. ಐವತ್ತು ಸಲಕ್ಕೆ ಹೊಂದಿಸಿದ್ದು. ಹಳೆಯ ಕಪ್ಪು ಬಿಳುಪು ಸೆಟ್ಟುಗಳ ಹಿಂದೆ ವರ್ಟಿಕಲ್ ಹೋಲ್ಡ್ ಎಂಬ ನಾಬ್ ಇರುತ್ತದೆ. ಅದನ್ನು ಮೆಲ್ಲಗೆ ತಿರುವಿದರೆ ಉರುಳುವ ಚಿತ್ರ ನಿಲ್ಲುತ್ತದೆ. ಈ ಹೊಸದರಲ್ಲಿ ಆ ನಾಬೇ ಇಲ್ಲ, ಎಲ್ಲ ಒಳಗೇ ತಾನಾಗಿ ಆಗುವಂಥದ್ದು.

ನಡುಮನೆಯ ಮೂಲೆಯಲ್ಲಿ ನಾಲ್ಕು ಕಾಲಿನ ಮರದ ಟಿ.ವಿ. ಒಂದಿತ್ತು, ಮುಂದೆ ಎಳೆದು ಮುಚ್ಚುವ ಶಟರಿನದು. ಕೆಟ್ಟು ಎರಡು ವರ್ಷವಾಗಿತ್ತು. ಮೇಲೆ ಪ್ಲಾಸ್ಟಿಕ್ ಹೂವು. ನಾನು ಹಿಂದೆ ಕೈ ಹಾಕಿ ತಡವಿದೆ. ಇಂಗ್ಲಿಷ್ ಅಕ್ಷರ ನನಗೆ ಓದಲು ಬಾರದು, ನಾಬು ಯಾವ ಜಾಗದಲ್ಲಿರುತ್ತದೆ ಎಂಬುದು ಗೊತ್ತು. ಇತ್ತು.

ಹಿಂಬದಿಯ ಹಲಗೆ ಬಿಚ್ಚಿದೆ, ಟ್ಯೂಬಿನಲ್ಲಿ ಉಳಿದಿರಬಹುದಾದ ಕರೆಂಟನ್ನು ಬಾಷಾ ಸಾಬರು ಇಳಿಸಿದರು. ಒಳಗೆ ಇಲಿ ಸಂಸಾರವೇ ಇತ್ತು. ಕಡಲೆಕಾಯಿ ಸಿಪ್ಪೆ, ಗೋಣಿ ನಾರು, ಕೂದಲು ಸೇರಿಸಿ ಕಟ್ಟಿದ ಗೂಡು. ಅದರಲ್ಲಿ ಬೆರಳುದ್ದದ ನಾಲ್ಕು ಮರಿಗಳು ಸತ್ತು ಒಣಗಿ ಅಂಟಿಕೊಂಡಿದ್ದವು. ತಾಯಿ ಟ್ಯೂಬಿನ ಕೆಳಗೆ ಸತ್ತು ಚರ್ಮವಷ್ಟೇ ಉಳಿದಿತ್ತು. ಇಲಿ ಉಚ್ಚೆ ಬಿದ್ದು ಬೋರ್ಡಿನ ತಾಮ್ರ ಹಸಿರುಗಟ್ಟಿತ್ತು. ಆ ನಾತಕ್ಕೆ ಸಾಹುಕಾರರು ಪಂಚೆಯ ತುದಿಯಿಂದ ಮೂಗು ಮುಚ್ಚಿ ಅಂಗಳಕ್ಕೆ ಓಡಿದರು. ಎರಡು ವರ್ಷ ಇದೇ ನಾತದ ಪಕ್ಕದಲ್ಲಿ ಕೂತು ಉಂಡವರು.

ಓಡದೆ ಉಳಿದವಳು ಒಬ್ಬಳೇ, ಅಡುಗೆಮನೆ ಹೊಸ್ತಿಲಲ್ಲಿ ಕೂತಿದ್ದ ಪದ್ಮ. ಆ ಮನೆಯ ಕಿರಿಯ ಮಗಳು, ಹತ್ತು ವರ್ಷ. ಪೋಲಿಯೋದಿಂದ ಎರಡು ಕಾಲೂ ಹೋಗಿತ್ತು. ಕೈ ಊರಿಕೊಂಡು ನೆಲದ ಮೇಲೆ ಸರಿದಾಡುತ್ತಿದ್ದಳು. ಮಾವ ಪೆಟ್ಟಿಗೆ ತಂದುಕೊಟ್ಟಿದ್ದು ಇವಳಿಗೇ. ತಿಂಗಳಾದರೂ ಒಮ್ಮೆಯೂ ಆಡಿರಲಿಲ್ಲ.

“ಇದು ನೆಟ್ಟಗಾಗ್ತದಾ?” ಎಂದು ಕೇಳಿದಳು.

“ಗೊತ್ತಿಲ್ಲ. ಉಜ್ಜಿ ನೋಡ್ತೀನಿ, ಸುಮ್ಕಿರು” ಎಂದೆ.

ಮೂರು ಗಂಟೆ ಉಜ್ಜಿದೆ. ಹಲ್ಲುಜ್ಜುವ ಹಳೇ ಬ್ರಷ್ಷು, ಸ್ಪಿರಿಟ್ಟು, ಒಣ ಬಟ್ಟೆ. ಇಲಿ ಕಡಿದ ವೈರುಗಳನ್ನು ಬಾಷಾ ಸಾಬರು ಬೆಸುಗೆ ಹಾಕಿದರು, ಫ್ಯೂಸು ಬದಲಿಸಿದರು. ಆಟದ ಪೆಟ್ಟಿಗೆ ನೂರಹತ್ತು ವೋಲ್ಟಿನದಾದ್ದರಿಂದ, ಕರೆಂಟು ತಗ್ಗಿಸುವ ಟ್ರಾನ್ಸ್‌ಫಾರ್ಮರನ್ನು ಅಂಗಡಿಯಿಂದಲೇ ತಂದಿದ್ದರು. ಟಿ.ವಿ. ಹತ್ತಿತು. ಚಿತ್ರ ಬಂದು ಉರುಳತೊಡಗಿತು. ನಾನು ಹಿಂದೆ ಕೂತು ಹೋಲ್ಡ್ ನಾಬು ತಿರುವುತ್ತಾ ಹೋದೆ. ಪದ್ಮ ಮುಂದಿನಿಂದ “ಇನ್ನೊಂಚೂರು, ಇನ್ನೊಂಚೂರು” ಎನ್ನುತ್ತಿದ್ದವಳು “ನಿಂತ್ಕಂತು” ಎಂದಳು.

ಇಟ್ಟಿಗೆ ಗೋಡೆಗೆ ಚೆಂಡು ಹೊಡೆದು ಒಡೆಯುವ ಆಟ. ಕೆಳಗೊಂದು ಪಟ್ಟಿ, ಅದನ್ನು ಕೈಯಲ್ಲಿನ ಗುಂಡಿ ತಿರುವಿ ಆ ಕಡೆ ಈ ಕಡೆ ಓಡಿಸಬೇಕು. ಸಾಹುಕಾರರು ಎರಡು ಸಲ ಆಡಿ ಎರಡು ಸಲವೂ ಚೆಂಡು ಬಿಟ್ಟರು. ಪದ್ಮ ಗೋಡೆಯನ್ನೇ ಖಾಲಿ ಮಾಡಿದಳು. ದಿನವಿಡೀ ಮೈಭಾರ ಹೊರುವ ಕೈ, ಅಲುಗುತ್ತಿರಲಿಲ್ಲ.

“ಸಾಕು, ಒಳಕ್ಕೆ ಹೋಗು. ಅವ್ರು ಹೋಗೋವರ್ಗೂ ಈ ಕಡೆ ಸುಳೀಬೇಡ” ಎಂದರು ಅವಳ ಅಪ್ಪ. ಗಂಡಿನ ಕಡೆಯವರಿಗೆ ಒಬ್ಬಳೇ ಮಗಳೆಂದು ಹೇಳಿದ್ದರು. ಕಾಲಿಲ್ಲದ ತಂಗಿ ಇದ್ದಾಳೆಂದರೆ ಸಂಬಂಧ ಮುರಿಯುತ್ತದೆಂಬ ಭಯ.

ಚಿತ್ರ ಮತ್ತೆ ಉರುಳಿದರೆ ನಾಬು ತಿರುವಲು ನಾವು ಸಂಜೆವರೆಗೂ ಇರಬೇಕಾಯಿತು. ಮಿಲ್ಲಿನ ಶೆಡ್ಡಿನಲ್ಲಿ ಎಲೆ ಹಾಕಿ ಊಟ ಕೊಟ್ಟರು. ನಾಲ್ಕು ದಾಟಿದ ಮೇಲೆ ನಾವು ನಡುಮನೆಗೆ ಬಂದಾಗ ಹಳೇ ಟಿ.ವಿ.ಯ ಶಟರು ಮುಚ್ಚಿತ್ತು, ಹೊಸ ಟಿ.ವಿ.ಯ ಹಾರ ಇದಕ್ಕೆ ಬಂದಿತ್ತು. ಗಂಡಿನ ಕಡೆಯ ಏಳು ಜನ ಉಪ್ಪಿಟ್ಟು ಮುಗಿಸಿ ಕೈ ಒರೆಸುತ್ತಿದ್ದರು. ಸಾಹುಕಾರರು ಶಟರು ಸರಿಸಿ ಸ್ವಿಚ್ಚು ಹಾಕಿದರು.

ಒಳಗೆ ಚಟ್ ಎಂದಿತು. ಹಿಂದಿನ ಕಿಂಡಿಗಳಿಂದ ಹೊಗೆ ಎದ್ದಿತು. ಹೊಗೆಯ ಜೊತೆ ಒಂದು ವಾಸನೆ, ಕುದಿಸಿದ ಗಂಜಲದ್ದು. ಗಂಡಿನ ಅಪ್ಪ ಕರವಸ್ತ್ರ ಮೂಗಿಗೊತ್ತಿಕೊಂಡು ಬಾಗಿಲಿಗೆ ಹೋದ.

ಬಾಷಾ ಸಾಬರು ಪ್ಲಗ್ಗು ಕಿತ್ತು ಹಲಗೆ ಬಿಚ್ಚಿದರು. ನಾನು ಉಜ್ಜಿದ್ದ ಬೋರ್ಡಿನ ಮೇಲೆ ಹಳದಿ ನೀರು ನಿಂತಿತ್ತು. ತೇವದಲ್ಲಿ ಒಂದು ಮಾವಿನೆಲೆಯ ಚೂರು. ನಡೆದದ್ದು ನಮ್ಮಿಬ್ಬರಿಗೂ ತಿಳಿಯಿತು. ಸತ್ತ ಇಲಿ ಬಿದ್ದಿದ್ದ ಟಿ.ವಿ., ಮೇಲೆ ಸಾಬರು ಮುಟ್ಟಿದ್ದು, ನಾನು ಮುಟ್ಟಿದ್ದು. ನಾವು ಉಣ್ಣಲು ಹೋದಾಗ ಸಾಹುಕಾರರ ತಾಯಿ ಗಂಜಲ ಹಾಕಿ ಮಡಿ ಮಾಡಿದ್ದರು. ಮಾವಿನೆಲೆಯಿಂದ ಹೊರಗೆ ಚಿಮುಕಿಸಿದ್ದು ಸಾಲದೆ ಕಿಂಡಿಯೊಳಕ್ಕೂ ಹುಯ್ದಿದ್ದರು. ಇಲಿ ಉಚ್ಚೆಯನ್ನು ನಾನು ಮೂರು ಗಂಟೆ ಉಜ್ಜಿ ತೆಗೆದರೆ, ಹಸುವಿನ ಉಚ್ಚೆ ತಂದು ಅಲ್ಲೇ ತುಂಬಿದ್ದರು. ಇಲಿಯದಾದರೆ ಹೊಲಸು, ಹಸುವಿನದಾದರೆ ಮಡಿ. ಬೋರ್ಡಿಗೆ ಆ ಭೇದ ಗೊತ್ತಿಲ್ಲ.

ಸಾಹುಕಾರರ ಮೂಗಿಗೂ ಆ ವಾಸನೆ ತಿಳಿದಿತ್ತು. ಆದರೂ ನನ್ನ ಕಡೆ ತಿರುಗಿ, ಒಳಗೆ ಏನು ಬಿಟ್ಟಿದ್ದೆ ಎಂದು ಜೋರು ಮಾಡಿದರು.

ಬಾಷಾ ಸಾಬರು ನನ್ನ ಕಿವಿಯ ಹತ್ತಿರ ಬಂದು, “ಒಪ್ಕಂಬುಡು ಕೆಂಚಮ್ಮ. ಮಿಲ್ಲಿನ ಮೋಟರ್ ಕೆಲ್ಸ ಎಲ್ಲಾ ನಮ್ಗೇ ಕೊಡೋರು ಇವ್ರು” ಎಂದರು.

“ಒದ್ದೆ ಬಟ್ಟೆ ಒಳಗೇ ಮರ್ತುಬುಟ್ಟೆ, ತಪ್ಪಾಯ್ತು” ಎಂದೆ.

“ಸುಳ್ಳು” ಎಂದಳು ಪದ್ಮ. ಹೊಸ್ತಿಲು ದಾಟಿ ಜಮಖಾನದ ಅಂಚಿಗೆ ಸರಿದು ಬಂದಿದ್ದಳು. “ಅವ್ವ ಗಂಜಲ ಹುಯ್ದಿದ್ದು. ನಾನೇ ನೋಡ್ದೆ.” ಆ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತಾರೆ.

ಬಂದವರೆಲ್ಲ ಅವಳನ್ನೂ ಅವಳ ಕಾಲನ್ನೂ ನೋಡಿದರು. ಈ ಹುಡುಗಿ ಯಾರು ಎಂದು ಗಂಡಿನ ಅಪ್ಪ ಬಾಗಿಲಿಂದಲೇ ಕೇಳಿದ.

ಸಾಹುಕಾರರು ಕಣ್ಣು ಪಿಳುಕಿಸಲಿಲ್ಲ. ಕೈಯನ್ನು ನನ್ನತ್ತ ಬೀಸಿ, “ಈ ಕೆಲ್ಸದೋಳ ಮಗಳು. ಎತ್ಕಂಡ್ ಹೋಗಮ್ಮ ನಿನ್ ಮಗೀನ” ಎಂದರು.

ಪದ್ಮನ ತಾಯಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಒಳಕ್ಕೆ ತಿರುಗಿದಳು. ಅಜ್ಜಿ ತುಳಸಿಮಣಿ ಎಣಿಸುತ್ತಿದ್ದರು. ಒಂದು ಸುಳ್ಳಿಗೆ ಒಪ್ಪಿದ್ದ ನಾನು ಎರಡನೆಯದಕ್ಕೂ ಬಾಯಿ ಮುಚ್ಚಿಕೊಂಡೆ. ಹುಡುಗಿಯನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ. ಹಿಂಡಿ ಮೂಟೆಗಳ ನಡುವೆ ಒಂದು ಚಾಪೆ, ಅದೇ ಅವಳ ಜಾಗ. ಇಳಿಸುವಾಗ ನನ್ನ ಮುಖ ನೋಡಿ, “ನೀನೂ ಸುಳ್ಳು ಹೇಳ್ದೆ” ಎಂದಳು. ನಮ್ಮ ಹಿಂದೆಯೇ ಯಾರೋ ಆಟದ ಪೆಟ್ಟಿಗೆ ತಂದು, ದರಿದ್ರದ್ದು ಇಲ್ಲೇ ಬಿದ್ದಿರಲಿ ಎಂದು ಮೂಟೆಯ ಮೇಲೆ ಎಸೆದು ಹೋದರು.

ವಾಪಸ್ಸು ಬಸ್ಸಿನಲ್ಲಿ ಬಾಷಾ ಸಾಬರನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತೆ. ನನ್ನ ಕೈ ಮೂಸಿದೆ. ಇಲಿ ನಾತ ಸೋಪಿಗೆ ಹೋಗಿತ್ತು. ಗಂಜಲದ್ದು ಹೋಗಲಿಲ್ಲ.

ಆ ಅಂಗಡಿಯಲ್ಲಿ ಆಮೇಲೂ ಎಂಟು ವರ್ಷ ಕೆಲಸ ಮಾಡಿದೆ. ಆಟಕ್ಕೆ ಯಾವ ಟಿ.ವಿ. ಒಳ್ಳೆಯದು ಎಂದು ಕೇಳುವವರು ಬರಬರುತ್ತಾ ಹೆಚ್ಚಾದರು. ಪೆಟ್ಟಿಗೆಯನ್ನು ಅಂಗಡಿಗೆ ಒಯ್ದು ಸಿಕ್ಕಿಸಿ ನೋಡಿ, ಮುಂದಿನ ಗಾಜಿಗಿಂತ ಮೊದಲು ಹಿಂಬದಿ ನೋಡಿ ಎನ್ನುತ್ತಿದ್ದೆ. ಆಡುವವರು ಯಾರು, ಎಲ್ಲಿ ಕೂತು ಆಡುತ್ತಾರೆ ಎಂದು ಕೇಳುತ್ತಿದ್ದೆ. ಬಹಳ ಜನ ಆ ಪ್ರಶ್ನೆಗೆ ಬೇಸರಪಟ್ಟು ದೊಡ್ಡದನ್ನೇ ಕೊಂಡುಹೋದರು.

ಪಾವಗಡದಿಂದ ಬಂದ ಮಾರನೆಯ ಬೆಳಿಗ್ಗೆ ಎಂದಿನಂತೆ ನಾನೇ ಅಂಗಡಿ ಬೀಗ ತೆಗೆದಿದ್ದೆ. ಟೆಸ್ಟಿಂಗಿಗೆ ಇಟ್ಟಿದ್ದ ಹದಿನಾಲ್ಕು ಇಂಚಿನ ಹಳೇ ಕಪ್ಪು ಬಿಳುಪು ಸೆಟ್ಟನ್ನು ಗೋಣಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದಾಗ ಬಾಷಾ ಸಾಬರು ಬಂದರು. “ಟ್ರಾನ್ಸ್‌ಫಾರ್ಮರ್ ಬುಟ್ಟು ಹೊಂಟಿದೀಯಲ್ಲಮ್ಮ” ಎಂದು ಅದನ್ನು ತಂದು ಮೇಲಿಟ್ಟರು.

ನಾನು ಪಾವಗಡ ಮುಟ್ಟಿದಾಗ ಸಾಹುಕಾರರು ಮಿಲ್ಲಿನಲ್ಲಿದ್ದರು. ಹಿತ್ತಲ ಬಾಗಿಲನ್ನು ಪದ್ಮನ ತಾಯಿ ತೆಗೆದಳು, ನನ್ನ ಮುಖ ನೋಡದೆ ದಾರಿ ಬಿಟ್ಟಳು. ಮೂಟೆ ಸರಿಸಿ ಸೆಟ್ಟನ್ನು ಚಾಪೆಯ ಪಕ್ಕ ನೆಲದ ಮೇಲೆ ಇಟ್ಟೆ, ಕೂತವಳ ಕಣ್ಣಿನ ಎತ್ತರಕ್ಕೆ. ಅಜ್ಜಿ ಗಂಜಲದ ಚೆಂಬು ಹಿಡಿದು ಬಾಗಿಲಿಗೆ ಬಂದರು.

“ಇದ್ರ ಮ್ಯಾಲೆ ಏನೂ ಹುಯ್ಬೇಡಿ” ಎಂದೆ. “ನಿನ್ನೆ ಕೆಡಿಸಿದ್ದು ನೀವು. ಒದ್ದೆ ಬಟ್ಟೆ ಅಂದಿದ್ದು ಸುಳ್ಳು.”

ಪದ್ಮ ಕೇಳಿಸಿಕೊಂಡಳು. ನಾನು ಆಟದ ಪೆಟ್ಟಿಗೆ ಸಿಕ್ಕಿಸಿ, ಅವಳ ಕೈ ಹಿಡಿದು ಸೆಟ್ಟಿನ ಹಿಂದೆ ಒಯ್ದು ನಾಬಿನ ಮೇಲೆ ಇಟ್ಟೆ. ಚಿತ್ರ ನಿಲ್ಲುವವರೆಗೆ ಅವಳೇ ತಿರುವಿದಳು. ನಿಂತ ಮೇಲೆ ನಾನು ಗೋಣಿ ಮಡಚಿಕೊಂಡು ಬಸ್ಸಿಗೆ ಹೊರಟೆ.