ಹದಿನೇಳನೆಯ ಪುಟದ ತಪ್ಪು ನನ್ನದು

ವಯಸ್ಸು, ಕಾಯಿಲೆ ಅಥವಾ ಅಂಗವೈಕಲ್ಯದಿಂದಾಗಿ ಇನ್ನೊಬ್ಬರನ್ನು ನೆಚ್ಚಿ ಬದುಕಬೇಕಾದವರು ಆ ನೆಚ್ಚಿಕೆಯಿಂದಲೇ ನೋಯಬಾರದೆಂದು ದುಡಿಯುವ ಕ್ಷೇತ್ರ ನಮ್ಮದು. ಇಲ್ಲಿ ಸನ್ಮಾನಗಳು ಕಡಿಮೆ, ಬೈಗುಳ ಧಾರಾಳ. ಈ ಕ್ಷೇತ್ರದಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರನ್ನು ಹೊರಗಿನವರು ಅಷ್ಟಾಗಿ ಅರಿಯರು. ಆದರೆ ಅವರು ಸಿದ್ಧಪಡಿಸಿದ ‘ಮನೆಭೇಟಿ ಕೈಪಿಡಿ’ಯನ್ನು ಚೀಲದಲ್ಲಿಟ್ಟುಕೊಳ್ಳದೆ ಇಂಥ ಮನೆಗಳ ಮೆಟ್ಟಿಲೇರುವ ದಾದಿಯಾಗಲಿ, ಸಮಾಜ ಕಾರ್ಯಕರ್ತೆಯಾಗಲಿ, ಪೊಲೀಸರಾಗಲಿ ನಮ್ಮ ಕಡೆ ಇಲ್ಲ.

ಮೇಡಂ ಅವರು ವೃತ್ತಿ ಆರಂಭಿಸಿದ್ದು ಆಸ್ಪತ್ರೆಯ ವಾರ್ಡಿನಲ್ಲಿ, ದಾದಿಯಾಗಿ. ಗುಣಪಡಿಸಿ ಮನೆಗೆ ಕಳುಹಿಸಿದ ರೋಗಿಗಳು ಎರಡೇ ತಿಂಗಳಲ್ಲಿ, ಆರೈಕೆಯಿಲ್ಲದೆ ಮಲಗಿದಲ್ಲೇ ಆದ ಬೆನ್ನಿನ ಹುಣ್ಣು ಹೊತ್ತು ಮರಳುವುದನ್ನು ಕಂಡು, ಇದನ್ನು ಯಾರಿಗೆ ಹೇಳಬೇಕೆಂದು ವಾರ್ಡಿನಲ್ಲಿ ಯಾರಿಗೂ ತಿಳಿಯದಿರುವುದನ್ನು ಕಂಡು, ಅವರು ನಾಲ್ಕು ಹಾಳೆ ಬರೆದು ಗೋಡೆಗೆ ಅಂಟಿಸಿದರು. ಏನು ನೋಡಬೇಕು, ಏನು ಕೇಳಬೇಕು, ಯಾರಿಗೆ ತಿಳಿಸಬೇಕು ಎಂಬುದಷ್ಟೇ ಅದರಲ್ಲಿತ್ತು. ಆ ನಾಲ್ಕು ಹಾಳೆಯೇ ಬೆಳೆದು ಇಂದು ನೂರಹನ್ನೆರಡು ಪುಟದ ಕೈಪಿಡಿಯಾಗಿದೆ, ಮೇಡಂ ಅವರೂ ವಾರ್ಡಿನಿಂದ ನಮ್ಮ ಕಚೇರಿಗೆ ಬಂದು ತರಬೇತಿಯ ಹೊಣೆ ಹೊತ್ತು ಬಹಳ ವರ್ಷಗಳಾದವು.

ಕೈಪಿಡಿಯ ಕೊನೆಯಲ್ಲಿ ದೂರವಾಣಿ ಸಂಖ್ಯೆಗಳ ಪಟ್ಟಿಯಿದೆ. ಪ್ರತಿ ಮುದ್ರಣಕ್ಕೂ ಮುನ್ನ ಮೇಡಂ ಅವರು ಅಷ್ಟೂ ಸಂಖ್ಯೆಗಳಿಗೆ ತಾವೇ ಕರೆ ಮಾಡುತ್ತಿದ್ದರು. ಮೂರು ದಿನ ಯಾರೂ ಎತ್ತದಿದ್ದರೆ ಆ ಸಂಖ್ಯೆಗೆ ಕೆಂಪು ಗೆರೆ. ಒಮ್ಮೆ ಆ ಗೆರೆ ನಮ್ಮ ನಿರ್ದೇಶಕರ ಸಂಖ್ಯೆಯ ಮೇಲೇ ಬಿತ್ತು. ನಿರ್ದೇಶಕರು ಮುಖ ಗಂಟಿಕ್ಕಿಕೊಂಡು ವಿಚಾರಿಸಿದಾಗ, “ನೀವು ಎತ್ತಿದ್ರೆ ಹಾಕ್ತೀನಿ ಸಾರ್” ಎಂದರಂತೆ. ಮುಂದಿನ ಮುದ್ರಣದಲ್ಲಿ ಆ ಸಂಖ್ಯೆ ಮರಳಿ ಬಂತು, ಏಕೆಂದರೆ ನಿರ್ದೇಶಕರು ಎತ್ತತೊಡಗಿದ್ದರು.

ನಾವು ಯಾವ ವರದಿ ಒಯ್ದರೂ ಅವರ ಮೊದಲ ಪ್ರಶ್ನೆ ಒಂದೇ: “ಅವರನ್ನ ಕೇಳಿದ್ಯಾ?” ‘ಅವರು’ ಎಂದರೆ ವರದಿ ಯಾರ ಬಗ್ಗೆಯೋ ಅವರು. ಇದರಿಂದಾಗಿ ಬೆನ್ನ ಹಿಂದೆ ನಾವು ಅವರಿಗೆ ‘ಕೇಳಿದ್ಯಾ ಮೇಡಂ’ ಎಂದು ಹೆಸರಿಟ್ಟಿದ್ದೆವು. ಅದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವ ದೊಡ್ಡತನವೂ ಅವರಿಗಿತ್ತು.

ಈಗ ಹದಿನೆಂಟು ವರ್ಷಗಳಿಂದ ನುಂಗಿಕೊಂಡಿದ್ದ ಮಾತಿಗೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಎಲ್ಲ ಬಲ್ಲೆನೆಂಬ ಜಂಬವೂ ಅಷ್ಟೇ ಹೊಸದಾಗಿತ್ತು. ಒಬ್ಬ ದರ್ಜಿ ಕಚೇರಿಗೆ ಬಂದು, ತನ್ನ ಅಂಗಡಿಯ ಮೇಲಿನ ಮನೆಯಲ್ಲಿ ಅಣ್ಣನ ಜೊತೆಗಿರುವ, ಕಿವಿ ಕೇಳಿಸದ, ಮಾತು ಬಾರದ ಹೆಂಗಸು ಎರಡು ತಿಂಗಳಿಂದ ಹೊರಗೆ ಕಂಡಿಲ್ಲವೆಂದು ಹೇಳಿದ. ಆಕೆಗೆ ನಲವತ್ತರ ವಯಸ್ಸು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ನಾನು ಹೋದೆ. ಅಣ್ಣ ನಗುಮುಖದಿಂದ ಬರಮಾಡಿಕೊಂಡ. ನಾನು ಪ್ರಶ್ನೆ ಕೇಳಿದೆ, ಅಣ್ಣ ಸನ್ನೆ ಮಾಡಿದ, ತಂಗಿ ಸನ್ನೆ ಮಾಡಿದರು, ಅಣ್ಣ ಉತ್ತರ ಹೇಳಿದ. ಹದಿನಾಲ್ಕು ಪ್ರಶ್ನೆಗೂ ಹದಿನಾಲ್ಕು ರೈಟ್ ಗುರುತು ಹಾಕಿ, ‘ತಮಗೆ ಯಾವ ತೊಂದರೆಯೂ ಇಲ್ಲವೆಂದು ಹೇಳಿದರು’ ಎಂದು ಬರೆದು, ಕಡತ ಮುಚ್ಚಲು ಮೇಡಂ ಅವರ ಮೇಜಿನ ಮೇಲಿಟ್ಟೆ.

ಅವರು ಓದಿ ಕನ್ನಡಕ ತೆಗೆದರು.

“ಹೇಳಿದರು ಅಂತ ಬರ್ದಿದ್ದೀಯ. ಹೇಗೆ ಹೇಳಿದ್ರು?”

“ಅಣ್ಣ ಹೇಳಿದ್ರು ಮೇಡಂ. ಅವರಿಗೆ ಸನ್ನೆ ಬರುತ್ತಲ್ಲ.”

“ಯಾರ ಮೇಲೆ ದೂರು ಬಂದಿತ್ತೋ, ಅವರ ಬಾಯಿಂದಾನೇ ದೂರಿಲ್ಲ ಅಂತ ಬರ್ಕೊಂಡು ಬಂದ್ಯೇನಮ್ಮಾ?”

ಮರುದಿನ ಬೆಳಿಗ್ಗೆ ಮೇಡಂ ಅವರು ಕಿವುಡ ಮಕ್ಕಳ ಶಾಲೆಯ ಶಿಕ್ಷಕಿಯೊಬ್ಬರನ್ನೂ ನನ್ನನ್ನೂ ಕರೆದುಕೊಂಡು ಆ ಮನೆಗೆ ಹೋದರು. ಅಣ್ಣನನ್ನು ಮೆಲ್ಲಗೆ ಹೊರಗಿನ ವರಾಂಡಕ್ಕೆ ಕರೆದೊಯ್ದು, ತಂಗಿಯ ಜನನ ಪತ್ರ ನೋಡಬೇಕೆಂಬ ನೆಪದಲ್ಲಿ ಅದರ ಒಂದೊಂದು ಅಕ್ಷರವನ್ನೂ ಚರ್ಚಿಸುತ್ತ ಮುಕ್ಕಾಲು ಗಂಟೆ ಕೂರಿಸಿಕೊಂಡರು. ಒಳಗೆ ನಾವು ಮೂವರೇ ಹೆಂಗಸರು ಉಳಿದೆವು. ಶಿಕ್ಷಕಿ ಸನ್ನೆಯಲ್ಲಿ ಕೇಳಿದರು, ತಂಗಿಯ ಕೈಗಳು ಬಿರುಸಾಗಿ ಆಡಿದವು. ಅಣ್ಣ ಕೆಲಸಕ್ಕೆ ಹೋಗುವಾಗ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಾನೆ. ಸಂಜೆಯವರೆಗೆ ಒಂದು ಬಕೆಟ್ಟು, ಒಂದು ಚೊಂಬು ನೀರು. ಹಲ್ಲಿನ ಬೇರು ಕೀವಾಗಿ ಹದಿನೈದು ದಿನವಾಗಿದೆ, ವೈದ್ಯರ ಬಳಿ ಕರೆದೊಯ್ದಿಲ್ಲ. ಇಷ್ಟು ಹೇಳಿ ಆಕೆ ನನ್ನತ್ತ ತಿರುಗಿ ಮತ್ತೇನೋ ಸನ್ನೆ ಮಾಡಿದರು. ಶಿಕ್ಷಕಿ ಆ ಮಾತನ್ನೂ ನನಗೆ ತಿಳಿಸಿದರು.

“ಮೊನ್ನೆ ನೀವು ಬಂದಾಗ್ಲೂ ಇದನ್ನೇ ಹೇಳ್ದೆ. ನೀವು ನಗ್ತಾ ಬರ್ಕೊಂಡ್ರಿ.”

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ನಾನು ಹೊರಗೆ ಓಡಿ, ಮೇಡಂ ಅವರನ್ನು ಪಕ್ಕಕ್ಕೆ ಕರೆದು, ಈಗಿಂದೀಗಲೇ ಆಕೆಯನ್ನು ಆಶ್ರಯಧಾಮಕ್ಕೆ ಕರೆದೊಯ್ಯೋಣ ಎಂದೆ. ಮೇಡಂ ಅವರು ಮಾಮೂಲಿ ಪ್ರಶ್ನೆಯನ್ನೇ ಕೇಳಿದರು. ನಾನು ಕೇಳಿರಲಿಲ್ಲ. ಎರಡನೆಯ ಸಲವೂ ಕೇಳಿರಲಿಲ್ಲ! ಮರಳಿ ಹೋಗಿ ಕೇಳಿದಾಗ ಆಕೆಗೆ ಆಶ್ರಯಧಾಮ ಬೇಡವಾಗಿತ್ತು. ಹಲ್ಲಿಗೆ ಔಷಧಿ ಬೇಕಿತ್ತು, ತನ್ನ ಕೆಲಸ ಬೇಕಿತ್ತು, ಚಿಲಕ ಬಾಗಿಲಿನ ಒಳಬದಿಗೆ ಬೇಕಿತ್ತು.

ಅಣ್ಣ ರಾಕ್ಷಸನೇನೂ ಆಗಿರಲಿಲ್ಲ. ತಂಗಿ ಒಮ್ಮೆ ರಸ್ತೆಯಲ್ಲಿ ಲಾರಿಗೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿದಂದಿನಿಂದ ಹೆದರಿಹೋಗಿದ್ದ. “ನಾಳೆ ಏನಾದ್ರೂ ಆದ್ರೆ ಯಾರು ಹೊಣೆ?” ಎಂದು ಕೂಗಾಡಿದ. “ನಿಮ್ಮ ಭಯ ನನಗೆ ಅರ್ಥವಾಗುತ್ತೆ. ಆದ್ರೆ ಕೂಡಿಹಾಕೋದು ತಪ್ಪು. ಮತ್ತೆ ಹಾಕಿದ್ರೆ ಪೊಲೀಸರ ಜೊತೆ ಬರ್ತೀನಿ” ಎಂದು ಮೇಡಂ ಅವರು ಏರುದನಿಯಿಲ್ಲದೆ ಹೇಳಿದರು. ಅಂದೇ ಬಡಗಿ ಬಂದ, ಅಂದೇ ಹಲ್ಲಿನ ವೈದ್ಯರನ್ನು ಕಂಡೆವು. ನಾವು ಬೆನ್ನು ತಿರುಗಿಸಿದ ಮೇಲೆ ಆಕೆಗೆ ಏನಾದರೂ ಆದೀತೆಂದು ಮೇಡಂ ಅವರು ಆರು ತಿಂಗಳ ಕಾಲ ಪ್ರತಿ ವಾರ, ಶಿಕ್ಷಕಿಯೊಡನೆ, ಹೇಳದೆ ಕೇಳದೆ ಆ ಮನೆಯ ಬಾಗಿಲು ತಟ್ಟಿದರು. ಎರಡನೆಯ ತಿಂಗಳಿಗೆ ಆಕೆ ಕೆಲಸಕ್ಕೆ ಮರಳಿದ್ದರು.

ನನ್ನ ಮೇಲೆ ಕ್ರಮವಾಗುತ್ತದೆಂದು ಕಾಯುತ್ತಿದ್ದೆ. ಬದಲಿಗೆ ಕೈಪಿಡಿಯ ಹೊಸ ಮುದ್ರಣ ಬಂತು. ಹದಿನೇಳನೆಯ ಪುಟದಲ್ಲಿ, ಮನೆಯವರನ್ನೇ ದುಭಾಷಿಯಾಗಿ ಬಳಸಬಾರದೆಂಬ ಸೂಚನೆಯ ಕೆಳಗೆ, ಹೀಗಿತ್ತು: ‘ನಾನೊಮ್ಮೆ ಈ ತಪ್ಪು ಮಾಡಿದೆ. ಆಕೆ ನನಗೆ ಎಲ್ಲವನ್ನೂ ಹೇಳಿದರು, ನಾನು ನಗುತ್ತ ಬೇರೆಯದನ್ನು ಬರೆದುಕೊಂಡೆ.’ ಅಂದಿನಿಂದ ಪ್ರತಿ ತರಬೇತಿಯಲ್ಲೂ ಮೇಡಂ ಅವರು ಅದನ್ನು ತಮ್ಮ ತಪ್ಪೆಂದೇ ಹೇಳಿದರು. ಮೊನ್ನೆ ಮೊನ್ನೆ ಸೇರಿದವರು ಮೂಗು ಮುರಿದು, “ಇವರೇ ಹೀಗೆ ಮಾಡಿದ್ರಾ?” ಎಂದು ಪಿಸುಗುಟ್ಟಿದ್ದನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಕೇಳಿಯೂ ಸುಮ್ಮನಿದ್ದೆ. ಆ ‘ನಾನು’ ನಾನು. ಅಭಿನಂದನ ಗ್ರಂಥದಲ್ಲಿ ಇಂಥದ್ದನ್ನು ಬರೆಯುವ ರೂಢಿಯಿಲ್ಲ, ಆದರೆ ಬರೆಯದೆ ಅವರನ್ನು ಹೊಗಳಲು ನನಗೆ ಮುಖವಿಲ್ಲ.

ಇದನ್ನು ಬರೆಯುತ್ತೇನೆಂದು ಕಳೆದ ವಾರ ಅವರ ಮನೆಗೆ ಹೋಗಿ ಹೇಳಿದೆ. “ಬರಿ. ನಿನ್ನ ಮನಸ್ಸೂ ಹಗುರಾಗ್ಲಿ” ಎಂದರು. ಆಮೇಲೆ, “ನೀವೆಲ್ಲ ಒಂದು ಕೆಲಸ ಮಾಡಿ. ಮುಂದೆ ನಾನು ಹಾಸಿಗೆ ಹಿಡಿದ್ರೆ, ನಿಮ್ಮಲ್ಲಿ ಯಾರಾದ್ರೂ ನೋಡೋಕೆ ಬಂದ್ರೆ, ಮೊದ್ಲು ನನ್ನ ಮಗನ್ನ ಹೊರಗೆ ಕಳ್ಸಿ” ಎಂದರು.

“ಅಯ್ಯೋ, ಅವರು ಬಂಗಾರದಂಥವರು ಮೇಡಂ.”

“ಬಂಗಾರದಂಥವನೇ. ಆದ್ರೂ ಕಳ್ಸಿ.”

ನಮಗೆ ಚಹಾ ತಂದು ನಿಂತಿದ್ದ ಮಗ ನಕ್ಕರು. ಮೇಡಂ ಅವರು ನಗಲಿಲ್ಲ.

ಮೇಡಂ ಅವರು ನೂರು ತುಂಬುವವರೆಗೂ ಗಟ್ಟಿಮುಟ್ಟಾಗಿರಲಿ, ಕೈಪಿಡಿಯ ಮುಂದಿನ ಮುದ್ರಣಗಳನ್ನೂ ಅವರೇ ತಿದ್ದಲಿ, ಅವರು ಹೇಳಿದ ಆ ದಿನ ಬಾರದೇ ಇರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಬಂದರೆ, ಹೊಸಬರನ್ನು ಕಳುಹಿಸುವುದಿಲ್ಲ, ನಾನೇ ಬರುತ್ತೇನೆ ಮೇಡಂ. ಮಗನನ್ನು ಹೊರಗೆ ಕೂರಿಸಿ, ನಿಮ್ಮ ಹತ್ತಿರ ಕುರ್ಚಿ ಎಳೆದುಕೊಂಡು, ನೀವು ಹೇಳಿ ಮುಗಿಸುವವರೆಗೂ ಪೆನ್ನು ತೆಗೆಯುವುದಿಲ್ಲ.